ಮುಮೂರ್ಷು: ಇಲ್ಲಿ ಇಚ್ಛೆ ಯಾರದು?

ಬಂಗಾಳಿ ಬಲ್ಲವರ ಮೊಬೈಲಿಗೆ ಆಗಾಗ ಒಂದು ಮನವಿ ಬಂದು ಬೀಳುತ್ತದೆ: ಮುಮೂರ್ಷು ರೋಗಿಗೆ ರಕ್ತ ಬೇಕು, ಇಂಥ ಗುಂಪು, ಇಷ್ಟು ಬಾಟಲಿ. ಕೋಲ್ಕತ್ತದಲ್ಲಾಗಲಿ ಢಾಕಾದಲ್ಲಾಗಲಿ ಅದು ಪಂಡಿತರ ಮಾತಲ್ಲ. ಪತ್ರಿಕೆಯ ಮುಖಪುಟದಲ್ಲಿ, ಆಸ್ಪತ್ರೆಯ ಪಡಸಾಲೆಯಲ್ಲಿ ಸಲೀಸಾಗಿ ಓಡಾಡುವ ಪದ. ಅದನ್ನೇ ಕನ್ನಡದಲ್ಲಿ ಬರೆದು ನೋಡಿ. ಬಹಳಷ್ಟು ಜನ ‘ಮುಮುಕ್ಷು’ ಎಂದು ಓದಿಕೊಂಡು ಮುಂದೆ ಹೋಗುತ್ತಾರೆ. ಕಣ್ಣು ಚುರುಕಾದವರು ಅಚ್ಚಿನ ದೋಷ ಎಂದು ಸಂಪಾದಕರಿಗೆ ಪತ್ರ ಹಾಕುತ್ತಾರೆ.

ಮುಮುಕ್ಷು ಎಂದರೆ ಬಿಡುಗಡೆ ಬಯಸುವವನು. ಮುಮೂರ್ಷು ಎಂದರೆ ಸಾಯಲಿರುವವನು. ನಮ್ಮ ಪ್ರವಚನಕಾರರ ಕೃಪೆಯಿಂದ ಮೊದಲನೆಯದು ಕನ್ನಡದಲ್ಲಿ ಚೆನ್ನಾಗಿ ಬಾಳಿತು. ಎರಡನೆಯದಕ್ಕೆ ನಾವು ಆಸನ್ನಮರಣ, ಮರಣೋನ್ಮುಖ ಎಂಬ ಬೇರೆ ಸಂಸ್ಕೃತ ಪದಗಳನ್ನು ಕೂರಿಸಿಕೊಂಡೆವು. ಹತ್ತಿರ ಬಂದಿದೆ, ಅತ್ತ ಮುಖ ಮಾಡಿದೆ ಎಂದು ಅವು ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ಮುಮೂರ್ಷು ಅಷ್ಟು ಸುಲಭದ್ದಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ವ್ಯಾಕರಣದವರನ್ನು ಜಗಳಕ್ಕೆ ಕೂರಿಸಿದ ಪದ ಅದು. ಆ ಜಗಳ ಬರೀ ವ್ಯಾಕರಣದ್ದಲ್ಲ ಎನ್ನುವುದಕ್ಕೇ ಈ ಬರಹ.

ಧಾತು ‘ಮೃ’. ಮರಣ, ಮೃತ್ಯು, ಮರ್ತ್ಯ, ಅಮರ, ಅಮೃತ ಎಲ್ಲವೂ ಅದರ ಸಂತಾನ. ಆ ಧಾತುವಿಗೆ ‘ಸನ್’ ಎಂಬ ಪ್ರತ್ಯಯ ಹತ್ತಿದಾಗ ಮೊದಲಕ್ಷರ ಇಮ್ಮಡಿಸುತ್ತದೆ, ‘ಮ’ಕಾರದ ತುಟಿಯ ಗುಣ ಹಿಡಿದು ಋಕಾರ ‘ಊರ್’ ಆಗುತ್ತದೆ, ಮುಮೂರ್ಷತಿ ಎಂಬ ಕ್ರಿಯಾಪದ ಹುಟ್ಟುತ್ತದೆ. ಕೊನೆಗೊಂದು ‘ಉ’ ಸೇರಿಸಿದರೆ ಮುಮೂರ್ಷು. ಈ ಸನ್ ಪ್ರತ್ಯಯದ ಕೆಲಸ ಏನು? ವ್ಯಾಕರಣಕಾರ ಪಾಣಿನಿ ತನ್ನ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಮೊದಲ ಪಾದದಲ್ಲೇ ಹೇಳಿದ್ದಾನೆ: ಇಚ್ಛೆಯನ್ನು ಸೂಚಿಸುವುದು. ಮಾಡುವವನೂ ಬಯಸುವವನೂ ಒಬ್ಬನೇ ಆಗಿರಬೇಕು ಎಂಬ ಕಟ್ಟುಪಾಡೂ ಅಲ್ಲೇ ಇದೆ.

ಸಂಸ್ಕೃತ ಬಾರದವರೂ ಈ ಪ್ರತ್ಯಯವನ್ನು ದಿನವೂ ಬಾಯಲ್ಲಿ ಹೊರಳಿಸುತ್ತಾರೆ. ತಿಳಿಯುವ ಇಚ್ಛೆ ಜಿಜ್ಞಾಸೆ, ಕುಡಿಯುವ ಇಚ್ಛೆ ಪಿಪಾಸೆ, ಹೇಳುವ ಇಚ್ಛೆ ವಿವಕ್ಷೆ. ಶುಶ್ರೂಷೆ ಅಂದರೆ ಮೂಲದಲ್ಲಿ ಕೇಳಿಸಿಕೊಳ್ಳುವ ಇಚ್ಛೆ. ಗುರುವಿನ ಮಾತಿಗೆ ಕಿವಿಗೊಟ್ಟು ಕೂತವನು ಗುರುವಿನ ಕಾಲನ್ನೂ ಒತ್ತಿದ, ಪದ ಸೇವೆಯ ಕಡೆಗೆ ಹೊರಳಿತು, ಅಲ್ಲಿಂದ ಆಸ್ಪತ್ರೆ ಸೇರಿ ಶುಶ್ರೂಷಕಿಯಾಯಿತು. ಚಿಕಿತ್ಸೆಯೂ ಇದೇ ಅಚ್ಚಿನದು. ಆದರೆ ಅದರಲ್ಲಿ, ಜಿಗುಪ್ಸೆ ತಿತಿಕ್ಷೆಗಳಲ್ಲಿ ಇರುವ ಹಾಗೆ, ಇಚ್ಛೆಯ ಅರ್ಥ ಕಾಣೆಯಾಗಿದೆ ಎಂದು ಗಮನಿಸಿ ಪಾಣಿನಿ ಅವಕ್ಕೆ ಬೇರೆ ಸೂತ್ರವನ್ನೇ ಮಾಡಿಟ್ಟ. ಶಕ್ತನಾಗುವ ಇಚ್ಛೆಯೇ ಶಿಕ್ಷೆ, ಅದರಿಂದಲೇ ಶಿಕ್ಷಣ ಎಂದು ಇಂದಿನ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಶಾಲೆ ಬಿಟ್ಟು ಓಡುವ ಹುಡುಗರು ಒಪ್ಪಲಿಕ್ಕಿಲ್ಲ. ರೋಗಿ, ಔಷಧ, ಆರೈಕೆ ಮೂರಕ್ಕೂ ಒಂದೇ ಪ್ರತ್ಯಯ ಬಂದು ಅಂಟಿರುವುದು ಆಕಸ್ಮಿಕವೇ ಇರಬಹುದು. ನನಗಂತೂ ಇಷ್ಟವಾದ ಆಕಸ್ಮಿಕ.

ತೊಡಕು ಬಂದದ್ದು ಇಲ್ಲೇ. ಸನ್ ಎಂದರೆ ಇಚ್ಛೆ ಅನ್ನುವುದಾದರೆ ಮುಮೂರ್ಷು ಎಂದರೆ ಸಾಯಲು ಬಯಸುವವನು ಎಂದಾಗಬೇಕು. ಆದರೆ ಭಾಷೆಯಲ್ಲಿ ಜನ ಆ ಪದ ಬಳಸುತ್ತಿದ್ದುದು ಸಾಯುವುದು ಬೇಡವೇ ಬೇಡ ಎಂದು ಒದ್ದಾಡುತ್ತಿರುವವನಿಗೂ. ಪಾಣಿನಿಯ ಸೂತ್ರಗಳಿಗೆ ವಾರ್ತಿಕ ಎಂಬ ಪೂರಕ ಟಿಪ್ಪಣಿ ಬರೆದ ಕಾತ್ಯಾಯನ ಇದನ್ನು ಹಿಡಿದ. ಇಚ್ಛೆ ಎಂದಷ್ಟೇ ಹೇಳಿದರೆ ಸಾಲದು, ‘ಆಶಂಕೆ’ ಎಂಬ ಅರ್ಥದಲ್ಲೂ ಈ ಪ್ರತ್ಯಯ ಬರುತ್ತದೆಂದು ಸೇರಿಸಬೇಕು ಎಂದ. ಅದಕ್ಕೆ ಪರಂಪರೆಯಲ್ಲಿ ನಿಂತ ಉದಾಹರಣೆಗಳು ಎರಡು: ಕುಸಿಯಲಿರುವ ನದಿಯ ದಂಡೆ, ಸಾಯಲಿರುವ ನಾಯಿ. ದಂಡೆಗೆ ಬೀಳುವ ಆಸೆಯಿಲ್ಲ, ನಾಯಿಗೆ ಸಾಯುವ ಆಸೆಯಿಲ್ಲ. ಬಿದ್ದೀತು, ಸತ್ತೀತು ಎಂಬ ಶಂಕೆ ನೋಡುವವನದು.

ಈ ‘ನೋಡುವವನದು’ ಎಂಬ ಮಾತು ಮುಖ್ಯ. ಜಿಜ್ಞಾಸು ಎಂದರೆ ತಿಳಿಯುವ ಆಸೆ ಅವನದೇ, ಮುಮುಕ್ಷು ಎಂದರೆ ಬಿಡುಗಡೆಯ ಹಂಬಲ ಅವನದೇ. ಮುಮೂರ್ಷು ಎಂಬಲ್ಲಿ ಮಾತ್ರ ಪ್ರತ್ಯಯದ ಭಾರ ಮಂಚದ ಮೇಲೆ ಮಲಗಿದವನಿಂದ ಜಾರಿ ಮಂಚದ ಪಕ್ಕ ಕೂತವನ ಮೇಲೆ ಬೀಳುತ್ತದೆ.

ಕ್ರಿಸ್ತಪೂರ್ವ ಎರಡನೆಯ ಶತಮಾನದ ಪತಂಜಲಿ ತನ್ನ ಮಹಾಭಾಷ್ಯದಲ್ಲಿ ಇದಕ್ಕೊಂದು ಚಂದದ ತಿರುವು ಕೊಡುತ್ತಾನೆ. ಬೇರೊಬ್ಬರ ಇಚ್ಛೆ ನಮಗೆ ತಿಳಿಯುವುದಾದರೂ ಹೇಗೆ ಎಂದು ಅವನ ಪ್ರಶ್ನೆ. ಚಾಪೆ ಹೆಣೆಯಬೇಕೆಂದಿರುವವನು ಊರ ತುಂಬ ಡಂಗುರ ಸಾರುವುದಿಲ್ಲ. ಹಗ್ಗ, ಗೂಟ, ಹುಲ್ಲಿನ ಕಟ್ಟು ಹಿಡಿದು ನಿಂತವನನ್ನು ನೋಡಿ, ಓಹೋ ಚಾಪೆ ಹೆಣೆಯುತ್ತಾನೆ ಎಂದು ನಾವೇ ಊಹಿಸಿಕೊಳ್ಳುತ್ತೇವೆ. ದಂಡೆಯದೂ ಹಾಗೆಯೇ. ಬೀಳುವ ಮೊದಲು ಹೆಂಟೆಗಳು ಉದುರುತ್ತವೆ, ಬಿರುಕು ಬಿಡುತ್ತದೆ, ಮಣ್ಣು ಜಾಗ ಬಿಟ್ಟು ಸರಿಯುತ್ತದೆ. ಸಾಯಲಿರುವ ನಾಯಿ ಒಂಟಿಯಾಗಿ ಮೂಲೆ ಸೇರುತ್ತದೆ, ಅದರ ಕಣ್ಣು ಊದಿಕೊಳ್ಳುತ್ತದೆ. ಗುರುತು ನೋಡಿ ಊಹಿಸುವುದು ಎಲ್ಲ ಕಡೆಯೂ ಒಂದೇ ಆದಮೇಲೆ ಬೇರೆ ನಿಯಮ ಏಕೆ ಎಂದು ವಾದ ಸಾಗುತ್ತದೆ. ಎಲ್ಲದಕ್ಕೂ ಚೈತನ್ಯವಿದೆ ಎಂದುಕೊಂಡರೂ ಆಯಿತು ಎಂಬ ಮಾತೂ ಅಲ್ಲಿ ಬರುತ್ತದೆ. ವ್ಯಾಕರಣ ಬರೆಯಲು ಕೂತವನು ಮನೆಯ ಹಿಂದಿನ ನಾಯಿಯನ್ನು ಇಷ್ಟು ಹತ್ತಿರದಿಂದ ನೋಡಿದ್ದಾನಲ್ಲ ಎಂಬುದು ನನ್ನ ಬೆರಗು. ಮುದಿ ನಾಯಿ ಸಾಕಿದವರಿಗೆ ಅವನ ಮಾತು ಎಷ್ಟು ನಿಜವೆಂದು ಗೊತ್ತು.

ಕನ್ನಡಕ್ಕೆ ಇಷ್ಟು ಸರ್ಕಸ್ಸು ಬೇಕಿಲ್ಲ. ‘ಮಳೆ ಬರೋ ಹಾಗಿದೆ’, ‘ಗೋಡೆ ಬೀಳೋ ಹಾಗಿದೆ’, ‘ಮುದುಕಪ್ಪ ಇವತ್ತೋ ನಾಳೆಯೋ ಅನ್ನೋ ಹಾಗಿದಾನೆ’. ಕಾತ್ಯಾಯನ ವಾರ್ತಿಕ ಬರೆದು ಸಾಧಿಸಿದ ಆಶಂಕೆಯನ್ನು ನಮ್ಮ ‘ಹಾಗೆ’ ಹೊತ್ತುಕೊಂಡಿದೆ. ಇಲ್ಲಿ ಇಚ್ಛೆಯ ಗೊಂದಲವೇ ಇಲ್ಲ, ಇಚ್ಛೆ ಹೇಳಬೇಕಾದರೆ ‘ಸಾಯಬೇಕು ಅಂತಾನೆ’ ಎಂದು ಬೇರೆ ಮಾತು ಸಿದ್ಧವಿದೆ. ಸಾಯ್ ಎಂಬ ಧಾತು ದ್ರಾವಿಡದ ಹಳೆಯ ಆಸ್ತಿ. ತಮಿಳಿನಲ್ಲೂ ತೆಲುಗಿನಲ್ಲೂ ಸಾವು ಚಾವುಗಳಿವೆ, ತುಳುವಿನಲ್ಲಿ ಸೈಪಿನಿ. ಆ ಧಾತುವಿನ ಸುತ್ತ ಜನ ಕಟ್ಟಿಕೊಂಡ ಮಾತುಗಳಲ್ಲಿ ನೋಡುವವರ ಕಣ್ಣು ಇನ್ನೂ ನಿಚ್ಚಳ. ಗುಟುಕು ಜೀವ ಇದೆ ಎನ್ನುತ್ತೇವೆ, ಕೆಲವು ಕಡೆ ಕುಟುಕು ಜೀವ. ಊರು ಹೋಗು ಅಂತಿದೆ, ಕಾಡು ಬಾ ಅಂತಿದೆ ಎನ್ನುವ ಗಾದೆಯಲ್ಲಂತೂ ಬಯಸುವವರು ಊರು ಮತ್ತು ಕಾಡು, ನಡುವೆ ಸಿಕ್ಕ ಮುದುಕನನ್ನು ಯಾರೂ ಕೇಳಿಯೇ ಇಲ್ಲ. ‘ಮೇಲುಸಿರು ಬಂತು’ ಎಂಬ ಮಾತು ಕೇಳಿದರೆ ಹಳ್ಳಿಯಲ್ಲಿ ಈಗಲೂ ಜನ ಕೈಯ ಕೆಲಸ ಬಿಟ್ಟು ಬರುತ್ತಾರೆ. ದೂರದ ಮಕ್ಕಳಿಗೆ ಹೇಳಿಕಳಿಸುತ್ತಾರೆ, ಮಂಚದಿಂದ ನೆಲಕ್ಕೆ ಇಳಿಸುತ್ತಾರೆ, ಬಾಯಿಗೆ ತುಳಸಿ ನೀರು ಬಿಡುತ್ತಾರೆ.

ಮೇಲುಸಿರಿಗೆ ಸಂಸ್ಕೃತದ ಜೋಡಿ ಊರ್ಧ್ವಶ್ವಾಸ. ಆಯುರ್ವೇದ ಹೇಳುವ ಐದು ಬಗೆಯ ಶ್ವಾಸರೋಗಗಳಲ್ಲಿ ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ ಎಂಬ ಮೂರು ವಾಸಿಯಾಗದವು. ಛಿನ್ನ ಎಂದರೆ ಕಡಿದು ಕಡಿದು ಬರುವ ಉಸಿರು. 1818ರಲ್ಲಿ ಜಾನ್ ಚೇನ್, 1854ರಲ್ಲಿ ವಿಲಿಯಂ ಸ್ಟೋಕ್ಸ್ ಎಂಬ ಡಬ್ಲಿನ್‌ನ ವೈದ್ಯರು ವಿವರಿಸಿದ, ಏರಿ ಏರಿ ಬಂದು ಇಳಿದು ನಿಂತೇಹೋಗಿ ಮತ್ತೆ ಶುರುವಾಗುವ ಉಸಿರಾಟ ಇಂದಿಗೂ ಅವರಿಬ್ಬರ ಹೆಸರಿನಲ್ಲಿದೆ. ಎಲ್ಲ ಕಾಲದಲ್ಲೂ ಹಾಸಿಗೆಯ ಪಕ್ಕ ಕೂತವರು ಮೊದಲು ನೋಡಿದ್ದು ಎದೆಯ ಏರಿಳಿತವನ್ನೇ.

ಚರಕ ಸಂಹಿತೆಯ ಎಂಟು ಸ್ಥಾನಗಳಲ್ಲಿ ಒಂದು ಪೂರ್ತಿ ಸ್ಥಾನ, ಇಂದ್ರಿಯಸ್ಥಾನ, ಹನ್ನೆರಡು ಅಧ್ಯಾಯಗಳಷ್ಟು, ಈ ಗುರುತುಗಳಿಗೇ ಮೀಸಲು. ಅವಕ್ಕೆ ಅರಿಷ್ಟ ಎಂದು ಹೆಸರು. ಬಿಡಿಸಿದರೆ ‘ಹಾನಿಯಿಲ್ಲದ್ದು’ ಎಂದರ್ಥ. ಕೆಟ್ಟದ್ದನ್ನು ಒಳ್ಳೆಯ ಹೆಸರಿನಿಂದ ಕರೆದು ಸಮಾಧಾನ ಮಾಡುವ ಹಳೆಯ ಜಾಣತನ ಇದು. ದೀಪ ಆರಿತು ಎನ್ನದೆ ದೊಡ್ಡದಾಯಿತು ಎನ್ನುವ ನಮ್ಮ ಅಜ್ಜಿಯರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಹಣ್ಣಿಗೆ ಮುಂಚೆ ಹೂವು ಬರುವ ಹಾಗೆ ಸಾವಿಗೆ ಮುಂಚೆ ಅರಿಷ್ಟ ಬರುತ್ತದೆ ಎಂದು ಚರಕನ ವಾದ. ಹಣ್ಣಾಗದ ಹೂವು ಇರಬಹುದು, ಹೂವಿಲ್ಲದ ಹಣ್ಣೂ ಇರಬಹುದು, ಸಾವಿಲ್ಲದ ಅರಿಷ್ಟ ಮಾತ್ರ ಇಲ್ಲವಂತೆ. ಕಾರಣವಿಲ್ಲದೆ ಮೈಯಿಂದ ಹೂವಿನ ವಾಸನೆ ಬರುವುದು ಅವನ ಪಟ್ಟಿಯಲ್ಲಿದೆ. ರೋಗಿಯ ಕಣ್ಣಿನೊಳಗೆ ಕಾಣಬೇಕಾದ ಪುಟ್ಟ ಪ್ರತಿಬಿಂಬ ಕಾಣದೆ ಹೋಗುವುದೂ ಇದೆ. ಸಂಸ್ಕೃತದಲ್ಲಿ ಆ ಪ್ರತಿಬಿಂಬಕ್ಕೆ ಕುಮಾರಿಕೆ, ಪುಟ್ಟ ಹುಡುಗಿ ಎನ್ನುತ್ತಾರೆ, ಕನ್ನಡದಲ್ಲಿ ಅದು ಕಣ್ಣಪಾಪೆ. ಬಗ್ಗಿ ನೋಡಿದ ವೈದ್ಯನಿಗೆ ತನ್ನ ಬಿಂಬವೇ ಕಾಣಲಿಲ್ಲವೆಂದರೆ ಮುಗಿಯಿತು. ಪಟ್ಟಿಯ ಬಹುಭಾಗ ಇಂದಿನ ವೈದ್ಯಶಾಸ್ತ್ರದ ಮುಂದೆ ನಿಲ್ಲುವುದಿಲ್ಲ, ಕನಸು ಶಕುನಗಳೂ ಅದರಲ್ಲಿ ಬೇಕಾದಷ್ಟಿವೆ. ಆದರೆ ಕಳೆಗುಂದಿ ಮಂಜಾದ ಕಣ್ಣು, ತಣ್ಣಗಾಗುವ ಕೈಕಾಲು, ತಪ್ಪಿದ ಉಸಿರಿನ ಲಯ, ಇವನ್ನು ಇಂದಿನ ಉಪಶಾಮಕ ಆರೈಕೆಯ ನರ್ಸುಗಳೂ ನೋಡುತ್ತಾರೆ. ಮಂಡಿಯ ಸುತ್ತ ಚರ್ಮ ನೀಲಿಗಟ್ಟಿ ಬಲೆಬಲೆಯಾಗಿ ಕಾಣುವುದನ್ನೂ ಅವರು ಅದಕ್ಕೆ ಸೇರಿಸುತ್ತಾರೆ.

ಇಂದ್ರಿಯಸ್ಥಾನದಲ್ಲಿ ನಾನು ಮತ್ತೆ ಮತ್ತೆ ಓದುವುದು ಕೊನೆಯ ಅಧ್ಯಾಯದ ಒಂದು ಕಟ್ಟಳೆಯನ್ನು. ಸಾವಿನ ಗುರುತು ಕಣ್ಣಿಗೆ ಕಂಡರೂ, ಕೇಳದಿದ್ದರೆ ವೈದ್ಯ ಅದನ್ನು ಬಾಯಿಬಿಟ್ಟು ಹೇಳಕೂಡದು. ಕೇಳಿದರೂ, ಹೇಳಿದ್ದರಿಂದ ರೋಗಿಗೋ ಮತ್ತೊಬ್ಬರಿಗೋ ಆಘಾತವಾಗುವುದಾದರೆ ಹೇಳಕೂಡದು. ಹನ್ನೆರಡು ಅಧ್ಯಾಯ ಗುರುತು ಕಲಿಸಿದ ಪುಸ್ತಕ ಕೊನೆಗೆ ಬಾಯಿ ಮುಚ್ಚಿಕೋ ಎನ್ನುತ್ತದೆ. ಕರುಣೆ ಎನ್ನಿ, ಜಾಣತನ ಎನ್ನಿ, ಈ ಕಟ್ಟಳೆ ನಮ್ಮ ಆಸ್ಪತ್ರೆಗಳಲ್ಲಿ ಇಂದೂ ಜಾರಿಯಲ್ಲಿದೆ. ವೈದ್ಯರು ಹೊರಗೆ ಕರೆದು ಮಗನಿಗೆ ಹೇಳುತ್ತಾರೆ, ಮಗ ಅಳಿಯನಿಗೆ ಹೇಳುತ್ತಾನೆ, ಅಮ್ಮನಿಗೆ ಹೇಳಬೇಡಿ ಎಂದು ಇಬ್ಬರೂ ಸೇರಿ ಎಲ್ಲರಿಗೂ ಹೇಳುತ್ತಾರೆ. ಸಾಯುತ್ತಿರುವವಳು ಅಮ್ಮ.

ಊಹೆ ಎಷ್ಟು ಗಟ್ಟಿ ಎಂಬ ಪ್ರಶ್ನೆಯೂ ಇದೆ. 2000ನೇ ಇಸವಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಶಿಕಾಗೋದ ಒಂದು ಅಧ್ಯಯನ ಬಂತು. ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಎಲಿಜಬೆತ್ ಲಾಮಾಂಟ್ ಅವರು, ಕೊನೆಗಾಲದ ಆರೈಕೆಗೆ ಸೇರಿದ 468 ರೋಗಿಗಳು ಇನ್ನೆಷ್ಟು ದಿನ ಬದುಕಿಯಾರು ಎಂದು ಅವರವರ ವೈದ್ಯರನ್ನು ಕೇಳಿ ಬರೆದಿಟ್ಟು, ನಂತರ ತಾಳೆ ನೋಡಿದರು. ಸರಿಸುಮಾರಾಗಿ ಸರಿಯಾದದ್ದು ಶೇ 20ರಷ್ಟು ಮಾತ್ರ. ಶೇ 63ರಷ್ಟು ಅಂದಾಜುಗಳು ಅತಿಯಾದ ಭರವಸೆಯವು, ಶೇ 17ರಷ್ಟು ಅತಿ ನಿರಾಶೆಯವು. ವೈದ್ಯನಿಗೂ ರೋಗಿಗೂ ಪರಿಚಯ ಹಳೆಯದಾದಷ್ಟೂ ಅಂದಾಜು ಹೆಚ್ಚು ತಪ್ಪಿತ್ತು. ಪ್ರೀತಿ ಬೆರೆತ ಕಡೆ ಕಣ್ಣು ಮಬ್ಬು. ಕಾತ್ಯಾಯನ ನಿಶ್ಚಯ ಎನ್ನದೆ ಆಶಂಕೆ ಎಂದದ್ದು ಎಷ್ಟು ಸರಿ ಎಂದು ಇದನ್ನು ಓದಿದಾಗ ಅನ್ನಿಸಿತು.

ನಮ್ಮ ಪತ್ರಿಕೆಗಳ ಭಾಷೆಯನ್ನೂ ಇದೇ ಬೆಳಕಿನಲ್ಲಿ ನೋಡಬಹುದು. ‘ಸ್ಥಿತಿ ಚಿಂತಾಜನಕ’ ಎಂದು ಬರೆಯುತ್ತೇವೆ. ಚಿಂತೆ ಯಾರಿಗೆ? ಪ್ರಜ್ಞೆಯಿಲ್ಲದೆ ಮಲಗಿದವರಿಗಂತೂ ಅಲ್ಲ. ಅದು ಮುಮೂರ್ಷುವಿನ ಪ್ರಾಮಾಣಿಕ ಕನ್ನಡ ಎಂದೇ ನನ್ನ ಅಭಿಪ್ರಾಯ, ಚಿಂತೆಯನ್ನು ಅದು ನೋಡುವವರ ಪಾಲಿಗೇ ಬಿಟ್ಟಿದೆ. ನನಗೆ ಸಹಿಸಲಾಗದ್ದು ‘ಸಾವು-ಬದುಕಿನ ನಡುವೆ ಹೋರಾಟ’ ಎಂಬ ಸವಕಲು ಮಾತು. ಎಂಬತ್ತೈದರ ಅಜ್ಜನನ್ನು, ಕೈಗೆ ಸೂಜಿ ಮೂಗಿಗೆ ನಳಿಕೆ ಹಾಕಿ ಮಲಗಿಸಿ, ಹೋರಾಡುತ್ತಿದ್ದಾನೆ ಎಂದು ಬರೆಯುವುದರಲ್ಲಿ ಅವನ ಬಾಯಿಗೆ ಮಾತು ತುರುಕುವ ಒರಟುತನವಿದೆ. ಅವನು ಹೋರಾಡುತ್ತಿದ್ದಾನೋ ಹೊರಟು ನಿಂತಿದ್ದಾನೋ ಯಾರು ಕೇಳಿದರು? ಮರುದಿನ ಅವನು ‘ಸೋತ’ ಎಂದು ಬೇರೆ ಬರೆಯುತ್ತೇವೆ. ಊಟದ ವಿಷಯದಲ್ಲೂ ಮನೆಯವರು ಇದೇ ತಪ್ಪು ಮಾಡುತ್ತಾರೆ. ಸಾಯುತ್ತಿರುವ ದೇಹಕ್ಕೆ ಹಸಿವು ಬಾಯಾರಿಕೆ ತಾವಾಗಿಯೇ ಇಂಗುತ್ತವೆ. ಉಣ್ಣದ್ದರಿಂದ ಸಾಯುತ್ತಿದ್ದಾರೆ ಎಂದು ನಾವು ತಿಳಿಯುತ್ತೇವೆ, ಸಾಯುತ್ತಿರುವುದರಿಂದ ಉಣ್ಣುತ್ತಿಲ್ಲ. ಗಂಜಿಯ ಚಮಚ ಹಿಡಿದು ಬಲವಂತ ಮಾಡುವವರ ಪ್ರೀತಿ ದೊಡ್ಡದೇ, ಆದರೆ ಆ ಗಂಜಿ ಶ್ವಾಸನಾಳಕ್ಕೆ ಇಳಿದು ನರಳಾಟ ಹೆಚ್ಚಿಸಬಹುದು. ಗಂಟಲಲ್ಲಿ ಗೊರಗೊರ ಸದ್ದು ಕೇಳಿ ನಾವು ಹೌಹಾರುತ್ತೇವೆ. ನುಂಗಲಾರದ ಕಫ ಜೊಲ್ಲುಗಳ ಸದ್ದು ಅದು. ಅರಿವು ಇಳಿದ ರೋಗಿಗಿಂತ ಅದು ಹೆಚ್ಚು ಕಾಡುವುದು ಪಕ್ಕದಲ್ಲಿ ಕೂತವರನ್ನೇ ಎಂದು ಕೊನೆಗಾಲದ ಆರೈಕೆಯಲ್ಲಿ ಪಳಗಿದವರು ಹೇಳುತ್ತಾರೆ.

ಮುಮೂರ್ಷುವಿನಲ್ಲಿ ಮಲಗಿದವನ ಇಚ್ಛೆ ನಿಜಕ್ಕೂ ಇರುವ ಸಂದರ್ಭವೇ ಇಲ್ಲವೇ? ಮಹಾಭಾರತದಲ್ಲಿ ಭೀಷ್ಮನಿದ್ದಾನೆ. ತಂದೆಯಿಂದ ಇಚ್ಛಾಮರಣದ ವರ ಪಡೆದವನು, ಶರಶಯ್ಯೆಯಲ್ಲಿ 58 ರಾತ್ರಿ ಮಲಗಿ ಉತ್ತರಾಯಣಕ್ಕೆ ಕಾದವನು. ಅವನಲ್ಲಿ ಪಾಣಿನಿಯ ಅರ್ಥ, ಕಾತ್ಯಾಯನನ ಅರ್ಥ ಎರಡೂ ಕೂಡಿ ಬಂದವು. ರಾಮಾಯಣದಲ್ಲಿ ಈ ಪದದ ಚಹರೆ ಬೇರೆ. ತನ್ನನ್ನು ಹೊತ್ತೊಯ್ಯುತ್ತಿರುವ ರಾವಣನಿಗೆ ಸೀತೆ, ಸಾಯಲಿರುವವರಿಗೆ ಪಥ್ಯ ರುಚಿಸದು, ನಿನ್ನ ಕೊರಳಿಗೆ ಆಗಲೇ ಯಮನ ಪಾಶ ಬಿದ್ದಿದೆ, ನಿನ್ನ ಕಣ್ಣಿಗೆ ಮರಗಳು ಚಿನ್ನದವಾಗಿ ಕಾಣುತ್ತಿರಬೇಕು ಎನ್ನುತ್ತಾಳೆ. ದಷ್ಟಪುಷ್ಟ, ಲಂಕೆಯ ಒಡೆಯ, ಕಾಯಿಲೆಯ ಸುಳಿವಿಲ್ಲ. ಆದರೂ ಮುಮೂರ್ಷು. ಇಲ್ಲಿ ಅರಿಷ್ಟ ಮೈಯಲ್ಲಿಲ್ಲ, ನಡತೆಯಲ್ಲಿದೆ. ರೆಕ್ಕೆ ಮೂಡಿದ ಇರುವೆಗೆ ಸಾವು ಹತ್ತಿರ ಎನ್ನುತ್ತಾರಲ್ಲ, ಅದೇ ಮಾತು. ತನ್ನ ಸಾವನ್ನು ತಾನೇ ಕರೆದುಕೊಂಡವನಲ್ಲಿ ಇಚ್ಛೆಯೆಷ್ಟು ಆಶಂಕೆಯೆಷ್ಟು ಎಂದು ಬೇರ್ಪಡಿಸುವುದು ವ್ಯಾಕರಣದವರಿಗೂ ಕಷ್ಟ.

ಕರ್ನಾಟಕದವರಿಗೆ ಈ ಪ್ರಶ್ನೆ ಕಲ್ಲಿನಲ್ಲಿ ಕೆತ್ತಿಟ್ಟದ್ದು. ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹಳೆಯ ಶಾಸನಗಳು ಕಟವಪ್ರ ಎನ್ನುತ್ತವೆ. ಏಳನೆಯ ಶತಮಾನದಿಂದ ಮುಂದಕ್ಕೆ ಅಲ್ಲಿ ಸಲ್ಲೇಖನ ವ್ರತ ಹಿಡಿದು, ಅಂದರೆ ಅನ್ನನೀರು ತೊರೆದು, ದೇಹ ಬಿಟ್ಟವರ ಹೆಸರುಗಳು ಬಂಡೆಯ ತುಂಬ ಇವೆ. ಆ ಶಾಸನಗಳ ಕನ್ನಡ ಅವರನ್ನು ಸತ್ತರು ಎನ್ನುವುದಿಲ್ಲ, ನೋಂತು ಮುಡಿಪಿದರು ಎನ್ನುತ್ತದೆ: ವ್ರತ ಮಾಡಿ ಮುಗಿಸಿದರು. ಗಂಗ ದೊರೆ ಮಾರಸಿಂಹ ಪಟ್ಟ ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಹೀಗೆ ಮುಗಿಸಿದ್ದು ಸುಮಾರು 974-75ರಲ್ಲಿ. ರಾಷ್ಟ್ರಕೂಟ ವಂಶದ ಕೊನೆಯ ಕುಡಿ ನಾಲ್ಕನೆಯ ಇಂದ್ರ 982ರಲ್ಲಿ ಬೆಳಗೊಳದಲ್ಲಿ.

ಸಾಯುವ ಇಚ್ಛೆ ಇವರಿಗಿತ್ತು ಎಂದರೆ ಜೈನಶಾಸ್ತ್ರ ಒಪ್ಪುವುದಿಲ್ಲ. ಅಲ್ಲಿನ ನಿಲುವು ಬಹಳ ಸೂಕ್ಷ್ಮ. ಪರಿಹಾರವಿಲ್ಲದ ವಿಪತ್ತು, ಬರಗಾಲ, ಮುಪ್ಪು, ರೋಗ ಬಂದಾಗ ಮಾತ್ರ ಈ ವ್ರತ ಎಂದು ಜೈನ ಆಚಾರ್ಯ ಸಮಂತಭದ್ರ ಕಟ್ಟು ಹಾಕಿದ್ದಾನೆ. ವ್ರತ ಹಿಡಿದವನು ಮಾಡಬಾರದ ಐದು ತಪ್ಪುಗಳನ್ನು ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಎಣಿಸುತ್ತದೆ. ಇನ್ನೂ ಬದುಕಬೇಕೆಂಬ ಆಸೆ ಅದರಲ್ಲಿ ಒಂದು. ಬೇಗ ಸಾಯಬೇಕೆಂಬ ಆಸೆ ಇನ್ನೊಂದು. ಎರಡೂ ದೋಷವೇ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಂಥಾರಾ ಎಂದೂ ಕರೆಯುವ ಈ ವ್ರತವನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿದಾಗ ಜೈನರು ಬೀದಿಗಿಳಿದದ್ದು ಈ ವ್ಯತ್ಯಾಸಕ್ಕಾಗಿಯೇ. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ವ್ರತದ ಬಗ್ಗೆ ನಮ್ಮ ನಮ್ಮ ಅನುಮಾನಗಳು ಏನೇ ಇರಲಿ, ಸಾಯುವವನ ಮನಸ್ಸಿನ ಒಳಗನ್ನು ಇಷ್ಟು ಬಿಡಿಸಿ ಬಿಡಿಸಿ ನೋಡಿದ ಪರಂಪರೆ ಬೇರೊಂದು ನನಗೆ ಕಂಡಿಲ್ಲ. ಉಳಿದ ಎಲ್ಲ ಕಡೆ ನೋಡುವವರದೇ ಕಾರುಬಾರು.

ಕಾನೂನಿಗೂ ಈ ತಲೆನೋವು ಇದೆ. ಸಾಯುವವನು ಕೊಟ್ಟ ಹೇಳಿಕೆ ಸಾಕ್ಷ್ಯವಾಗಬೇಕಾದರೆ, ತಾನು ಸಾಯುವುದು ಖಚಿತ ಎಂದು ಅವನಿಗೆ ಆ ಗಳಿಗೆಯಲ್ಲಿ ಗೊತ್ತಿರಬೇಕು ಎಂದು ಇಂಗ್ಲೆಂಡಿನ ಹಳೆಯ ನ್ಯಾಯ ಹಟ ಹಿಡಿದಿತ್ತು. ಸಾಯುವ ಮುನ್ನ ಯಾರೂ ಸುಳ್ಳು ಹೇಳರು ಎಂಬ ನಂಬಿಕೆ ಅದರ ಬೆನ್ನಿಗೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮ ಆ ಷರತ್ತನ್ನು ಕೈಬಿಟ್ಟಿತು. 32ನೇ ಕಲಮಿನ ಪ್ರಕಾರ ಹೇಳುವಾಗ ಸಾವಿನ ನಿರೀಕ್ಷೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. 1939ರ ಪಕಲಾ ನಾರಾಯಣ ಸ್ವಾಮಿ ಮೊಕದ್ದಮೆಯಲ್ಲಿ, ಮುಂದೆ ಕೊಲೆಯಾದ ಮನುಷ್ಯ ಊರು ಬಿಡುವ ಮುನ್ನ ತಾನು ಎಲ್ಲಿಗೆ, ಯಾಕೆ ಹೊರಟೆ ಎಂದು ಹೆಂಡತಿಗೆ ಹೇಳಿದ ಸಾದಾ ಮಾತನ್ನೂ ಪ್ರಿವಿ ಕೌನ್ಸಿಲ್ ಈ ಕಲಮಿನಡಿ ಒಪ್ಪಿಕೊಂಡಿತು. ಅವನು ಮುಮೂರ್ಷು ಎಂದು ಅವನಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ, 26ನೇ ಕಲಮಾಗಿ, ಈ ನಿಲುವು ಹಾಗೇ ಮುಂದುವರಿದಿದೆ.

ಸಾಯುವವರ ಬಾಯಿಂದಲೇ ಇಚ್ಛೆಯನ್ನು ಕೇಳುವ ಏರ್ಪಾಡು ನಮ್ಮಲ್ಲಿ ಬಂದದ್ದು ತೀರಾ ಈಚೆಗೆ. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಘನತೆಯಿಂದ ಸಾಯುವ ಹಕ್ಕು ಬದುಕುವ ಹಕ್ಕಿನದೇ ಭಾಗ ಎಂದಿತು. ಚೇತರಿಕೆಯ ಆಸೆಯಿಲ್ಲದ ಸ್ಥಿತಿಗೆ ತಲುಪಿದರೆ ತನಗೆ ಕೃತಕ ಉಸಿರಾಟದಂಥ ಜೀವಾಧಾರ ಬೇಕೋ ಬೇಡವೋ ಎಂದು ಮೊದಲೇ ಬರೆದಿಡುವುದಕ್ಕೂ ಒಪ್ಪಿಗೆ ಕೊಟ್ಟಿತು. ಆಗ ಹಾಕಿದ ನಿಯಮಗಳು ಎಷ್ಟು ಬಿಗಿಯಾಗಿದ್ದವೆಂದರೆ ಬರೆದಿಟ್ಟವರ ಕಾಗದ ಹೊರಬರುವಷ್ಟರಲ್ಲಿ ಬರೆದವರೇ ಹೋಗಿರುತ್ತಿದ್ದರು. 2023ರ ಜನವರಿ 24ರಂದು ನ್ಯಾಯಾಲಯವೇ ಅವನ್ನು ಸಡಿಲಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರ ಸುತ್ತೋಲೆಯಲ್ಲಿ ಇದನ್ನು ರಾಜ್ಯದಲ್ಲಿ ಜಾರಿಗೆ ತರಲು ಹೇಳಿದೆ. ಆಸ್ಪತ್ರೆಯ ಮಟ್ಟದಲ್ಲಿ ಮೂವರು ವೈದ್ಯರ ಮಂಡಳಿ, ಅದರ ಮೇಲೆ ಮತ್ತೊಂದು ಮಂಡಳಿ, ಹತ್ತಿರದವರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ತಿಳಿವಳಿಕೆ, ಎಲ್ಲವೂ ಇವೆ. ಆತುರದಲ್ಲಿ ಯಾರೂ ಯಾರನ್ನೂ ಕಳಿಸಿಬಿಡುವ ಹಾಗಿಲ್ಲ.

ಬರೆದಿಟ್ಟ ಕಾಗದವಿಲ್ಲದಿದ್ದರೆ ಹತ್ತಿರದವರು ಊಹಿಸುತ್ತಾರೆ. ಅಪ್ಪನಿಗೆ ಇದೇ ಬೇಕಿತ್ತು ಎಂದು ಒಬ್ಬ ಮಗ, ಇರಲಾರದು ಎಂದು ಇನ್ನೊಬ್ಬ ಮಗ, ವಿದೇಶದಿಂದ ವಿಮಾನ ಹತ್ತಿದ ಮಗಳು ಬರುವವರೆಗೆ ವೆಂಟಿಲೇಟರ್. ಆದ್ದರಿಂದ, ಗಟ್ಟಿಯಾಗಿರುವಾಗಲೇ ಒಂದು ಸಂಜೆ ಕೂತು ಬರೆದುಬಿಡಿ. ವಯಸ್ಸು 18 ದಾಟಿರಬೇಕು, ಬುದ್ಧಿ ಸ್ವಾಧೀನದಲ್ಲಿರಬೇಕು. ನಿಮ್ಮ ಪರವಾಗಿ ನಿರ್ಧರಿಸುವವರ ಹೆಸರು ಹಾಕಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಿ. ಒಂದು ಪ್ರತಿ ಮನೆಯವರ ಕೈಯಲ್ಲಿರಲಿ, ಒಂದು ಪ್ರತಿ ನಿಮ್ಮ ಮನೆವೈದ್ಯರ ಬಳಿ.